ಓಟದ ಗೆರೆಯ ಮೇಲೆ ಶಿಲುಬೆಯ ಗುರುತು

ರೀಟಾ (ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ) ಹದಿನೇಳರ ಹುಡುಗಿ, 800 ಮೀಟರ್ ಓಟಗಾರ್ತಿ. ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕಳುಹಿಸಿದವರು ಅವಳ ತರಬೇತುದಾರರು. ದೂರು ಒಂದೇ: ಪಿಸ್ತೂಲು ಸಿಡಿದು ಉಳಿದವರು ಹೊರಟ ಮೇಲೂ ಇವಳು ಗೆರೆಯ ಮೇಲೆಯೇ ಇರುತ್ತಾಳೆ.

ಮಾತನಾಡಿಸುತ್ತ ಹೋದಂತೆ ಕಾರಣ ತಿಳಿಯಿತು. ಜೆರ್ಸಿಯೊಳಗಿನ, ಯೇಸುವಿನ ತಾಯಿ ಮರಿಯಮ್ಮನವರ ಪದಕವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಮೂರು ಸಲ ಶಿಲುಬೆಯ ಗುರುತು ಹಾಕಬೇಕು. ನಡುವೆ ಮನಸ್ಸು ಪಕ್ಕದ ಓಟಗಾರ್ತಿಯ ಕಡೆ ಹೊರಳಿದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ. ಇದು ಶುರುವಾದದ್ದು ಒಂದು ಭಾನುವಾರ. ಬೆಳಗಿನ ಪಂದ್ಯಕ್ಕಾಗಿ ಬಲಿಪೂಜೆ (ಕಥೋಲಿಕರು ಭಾನುವಾರ ಪಾಲ್ಗೊಳ್ಳಬೇಕಾದ ಚರ್ಚಿನ ಆರಾಧನೆ) ತಪ್ಪಿಸಿದ್ದಳು, ಕೊನೆಯ ತಿರುವಿನಲ್ಲಿ ಎಡವಿ ಬಿದ್ದಳು. "ದೇವರನ್ನು ಬಿಟ್ಟು ಓಡಿದರೆ ಹೀಗೇ ಆಗುವುದು" ಎಂದು ತಾಯಿ ಅಂದುಬಿಟ್ಟರು. ಅಂದಿನಿಂದ ಅದೇ ಪಾಪವನ್ನು ಚರ್ಚಿನ ಬೇರೆ ಬೇರೆ ಗುರುಗಳ ಬಳಿ ನಿವೇದಿಸಿಕೊಳ್ಳುತ್ತಿದ್ದಳು. ಸಿಕ್ಕ ಸಮಾಧಾನ ಸಂಜೆಯವರೆಗೂ ಉಳಿಯುತ್ತಿರಲಿಲ್ಲ.

ಇಂಥವರು ಬಂದಾಗ ಭಕ್ತಿಯನ್ನೇ ಕಾಯಿಲೆಯೆಂದು ತಿಳಿಯುವ ಸಲಹೆಗಾರರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಕಥೋಲಿಕ ಪರಂಪರೆಗೆ ಈ ಸಂಕಟದ ಪರಿಚಯ ನಮ್ಮ ಮನೋವಿಜ್ಞಾನಕ್ಕಿಂತ ಹಳೆಯದು. ಯೇಸುಸಭೆಯ (ಜೆಸ್ವಿಟ್ ಸಂಘದ) ಸ್ಥಾಪಕರಾದ ಲೊಯೋಲದ ಸಂತ ಇಗ್ನಾಸಿಯವರು 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ, ಆಗಲೇ ನಿವೇದಿಸಿದ ಪಾಪಗಳನ್ನೇ ಕೆದಕಿ ಕೆದಕಿ ಬದುಕೇ ಬೇಡವೆನ್ನುವಷ್ಟು ನೊಂದಿದ್ದರು. ಇದನ್ನು ಹೇಳಿದಾಗ ರೀಟಾ ತಲೆಯೆತ್ತಿದಳು. "ಸಂತರಿಗೂ ಹೀಗಾಗಿತ್ತೇ ಮೇಡಂ?"

ಪ್ರಾರ್ಥನೆ ಬಿಡು ಎಂದು ನಾನು ಹೇಳಲಿಲ್ಲ. ಅದಕ್ಕೊಂದು ಜಾಗ ಗೊತ್ತುಮಾಡಿದೆವು. ಮೈ ಬಿಸಿ ಮಾಡಿಕೊಳ್ಳುವ ಅಂಗಳದಲ್ಲಿ ಒಂದೇ ಒಂದು ಶಿಲುಬೆಯ ಗುರುತು. ಮನಸ್ಸು ಅತ್ತಿತ್ತ ಹೋದರೂ ಅದನ್ನು ತಿದ್ದುವಂತಿಲ್ಲ. ಗೆರೆಗೆ ಬಂದ ಮೇಲೆ ಕೈ ಪದಕದತ್ತ ಎಳೆದರೆ ಎಳೆಯಲಿ, ಆ ಕಳವಳವನ್ನು ಹಾಗೆಯೇ ಇರಗೊಟ್ಟು ಓಡಬೇಕು. ಮೊದಮೊದಲು ಕಳವಳ ಹೆಚ್ಚುತ್ತದೆ ಎಂದು ಮುಂಚೆಯೇ ಎಚ್ಚರಿಸಿದ್ದೆ, ಹೆಚ್ಚಿತು ಕೂಡ. ಪಾಪನಿವೇದನೆಗೆ ಒಬ್ಬರೇ ಗುರುಗಳು, ಅವರು ಮುಗಿಯಿತೆಂದರೆ ಮುಗಿಯಿತು. ಇದು ಧರ್ಮಸಭೆಯ (ಕಥೋಲಿಕ ಚರ್ಚಿನ) ಹಳೆಯ ಬುದ್ಧಿವಾದವೇ, ನಾನು ನೆನಪಿಸಿದೆನಷ್ಟೆ.

ಭಾನುವಾರದ ಪ್ರಶ್ನೆಗೆ ಅಪ್ಪಣೆ ಕೊಡುವುದು ನನ್ನ ಕೆಲಸವಲ್ಲ. ಆದರೆ 1983ರ ಧರ್ಮಸಭಾ ಕಾನೂನಿನ 1248ನೆಯ ವಿಧಿಯ ಪ್ರಕಾರ ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಪೂರೈಸಿದಂತೆ. ಅದೂ ಆಗದಿದ್ದರೆ, ತಕ್ಕ ಕಾರಣವಿದ್ದಲ್ಲಿ ವಿನಾಯಿತಿ ನೀಡುವ ಅಧಿಕಾರ ಧರ್ಮಕೇಂದ್ರದ (ಸ್ಥಳೀಯ ಚರ್ಚಿನ) ಗುರುಗಳಿಗಿದೆ. ಪಂದ್ಯಗಳ ಪಟ್ಟಿ ಹಿಡಿದು ಅವರನ್ನು ಮೊದಲೇ ಕಾಣಲು ಹೇಳಿದೆ.

ತಾಯಿಯನ್ನು ಒಪ್ಪಿಸುವುದು ಹೆಚ್ಚು ಕಷ್ಟವಾಯಿತು. ಮಗಳು ಗೆದ್ದರೆ ನೊವೆನಾ (ಒಂಬತ್ತು ದಿನಗಳ ಪ್ರಾರ್ಥನೆ) ಎಂದು ಹರಕೆ ಹೊತ್ತವರು ಅವರು. "ಬಹುಮಾನ ಸಿಗುವಂತೆ ಓಡಿರಿ ಎಂದು ಸಂತ ಪೌಲರೇ ಬರೆದಿದ್ದಾರಲ್ಲ" ಎಂದು ವಾದಕ್ಕಿಳಿದರು. ಬೈಬಲಿನಲ್ಲಿರುವ ಪತ್ರದಲ್ಲಿ ಬರೆದಿದ್ದಾರೆ, ಅದೂ ಗ್ರೀಸಿನ ಕೊರಿಂಥದವರಿಗೆ. ಆ ಊರಿನ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯ ಕ್ರೀಡೆಗಳು ನಡೆಯುತ್ತಿದ್ದವು, ಗೆದ್ದವರ ತಲೆಗೆ ಎಲೆಗಳ ಕಿರೀಟ. ಬಾಡುವ ಆ ಕಿರೀಟವನ್ನು ಬಿಟ್ಟು ಬಾಡದ ಕಿರೀಟವೊಂದರ ಮಾತನ್ನು ಪೌಲರು ಆಡುತ್ತಾರೆ. ದೇವರು ಮೊದಲ ಸ್ಥಾನ ಕೊಡಿಸುತ್ತಾನೆಂದು ಎಲ್ಲಿಯೂ ಹೇಳುವುದಿಲ್ಲ. ಧರ್ಮಸಭೆಯ ಬೋಧನೆಗಳ ಗ್ರಂಥವಾದ ಕಥೋಲಿಕ ಧರ್ಮೋಪದೇಶದ 2289ನೆಯ ಪರಿಚ್ಛೇದವಂತೂ ಕ್ರೀಡೆಯ ಯಶಸ್ಸನ್ನು ವಿಗ್ರಹದಂತೆ ಪೂಜಿಸುವುದರ ವಿರುದ್ಧ ನೇರವಾಗಿಯೇ ಎಚ್ಚರಿಸುತ್ತದೆ. ಅವರಿಗೆ ನಾನು ಕೊಟ್ಟ ಸಲಹೆ ಇಷ್ಟೆ: ನೊವೆನಾ ಮಾಡಿ, ಆದರೆ ಅದಕ್ಕೆ ಗೆಲುವಿನ ಷರತ್ತು ಬೇಡ, ಸೋತು ಬಂದ ದಿನ ಮನೆಯಲ್ಲಿ ದೇವರ ಹೆಸರೆತ್ತಿ ಬೈಯಬೇಡಿ. ಎರಡನೆಯದಕ್ಕೆ ತಕ್ಷಣ ಒಪ್ಪಿದರು. ಹರಕೆಯ ವಿಷಯದಲ್ಲಿ ಗುರುಗಳನ್ನು ಕೇಳಿಯೇ ತೀರ್ಮಾನಿಸುತ್ತೇನೆಂದರು. ಅದೂ ಸರಿಯೇ.

ರೀಟಾ ಈಗ ಪಿಸ್ತೂಲಿನ ಸದ್ದಿಗೇ ಹೊರಡುತ್ತಾಳೆ. ಆದರೆ ಪರೀಕ್ಷೆಗಳು ಹತ್ತಿರವಾದಾಗ ಮನೆಯಲ್ಲಿ ಜಪಸರದ ಎಣಿಕೆ ಶುರುವಾಗಿ, ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಅದರಲ್ಲೇ ಕಳೆಯತೊಡಗಿದಳು. ಅಷ್ಟು ಹೊತ್ತು ನುಂಗುವ ಗೀಳನ್ನು ಆಪ್ತಸಲಹೆಯೊಂದರಿಂದಲೇ ನಿಭಾಯಿಸಲು ಹೋಗಬಾರದು. ಮನೋವೈದ್ಯರಿಗೆ ಪತ್ರ ಬರೆದುಕೊಟ್ಟೆ. ಚಿಕಿತ್ಸೆ ನಡೆದಿದೆ, ಓಟದ ಅಭ್ಯಾಸವೂ ನಿಂತಿಲ್ಲ.