30 ಗಂಟೆ ಕಳೆದಿದ್ದರೂ ಪರೀಕ್ಷೆಗೆ ಹೋಗಬಹುದು

ಗೋವಾದ ಬಾಗಾದ ಪಾರ್ಟಿಯಲ್ಲಿ ಒಂದೇ ಗ್ಲಾಸ್ ಕುಡಿದ ಗೆಳತಿಗೆ ಆಮೇಲಿನದ್ದೇನೂ ನೆನಪಿಲ್ಲ, ಯಾರೋ ಮದ್ದು ಬೆರೆಸಿ ಅತ್ಯಾಚಾರ ಮಾಡಿರಬಹುದು ಅನ್ನುವ ಅನುಮಾನ, ಪುಣೆ ತಲುಪುವಷ್ಟರಲ್ಲಿ 30 ಗಂಟೆ ಆಯ್ತು, ಈಗ ವೈದ್ಯಕೀಯ ಪರೀಕ್ಷೆಯಿಂದ ಏನು ಪ್ರಯೋಜನ ಅಂತ ಕೇಳಿದ್ದೀರಿ. ಪ್ರಯೋಜನ ಇದೆ, ಅವರು ಒಪ್ಪಿದರೆ ಈಗಲೇ ಹೊರಡಿ.

ಬೆರೆಸಿದ್ದು ಜಿಎಚ್‌ಬಿ ಅನ್ನುವ, ಮಂಪರು ತರಿಸುವ ಮದ್ದಾಗಿದ್ದರೆ ಮೂತ್ರದಲ್ಲಿ ಸುಮಾರು 12 ಗಂಟೆಗೇ ಮಾಯ. ನಿದ್ರೆಮಾತ್ರೆ ಜಾತಿಯ ಬೆಂಜೋಡಯಜೆಪೈನ್‌ಗಳು ಮಾತ್ರ ಮೂರು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಸಿಗುತ್ತವೆ. ದಾರಿಯಲ್ಲಿ ತಡೆಯಲಾಗದಿದ್ದರೆ ಮೂತ್ರವನ್ನು ಮುಚ್ಚಳವಿರುವ ಶುಭ್ರ ಡಬ್ಬಿಗೆ ಹಿಡಿಯಿರಿ, ಮೊದಲ ಹನಿಯನ್ನೂ ಬಿಡದೆ. ಸಮಯ ಬರೆದು ತಣ್ಣಗಿಡಿ. ಮೂಲೆಯ ಲ್ಯಾಬಿನ ಮಾಮೂಲಿ ಡ್ರಗ್ ಕಿಟ್ ನಂಬಬೇಡಿ; ಅದರಲ್ಲಿ ಜಿಎಚ್‌ಬಿ ಕಾಣುವುದೇ ಇಲ್ಲ, 'ನೆಗೆಟಿವ್' ಅಂದ ಚೀಟಿ ದಾರಿ ತಪ್ಪಿಸುತ್ತದೆ. ಮಾದರಿ ಹೋಗಬೇಕಾದ್ದು ಫೊರೆನ್ಸಿಕ್ ಲ್ಯಾಬಿಗೆ.

ಬಟ್ಟೆ ಒಗೆಯಬೇಡಿ. ಒಂದೊಂದನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿ ಹಾಕಿ. ಪ್ಲಾಸ್ಟಿಕ್‌ನಲ್ಲಿ ತೇವ ಕೂತು ಬೂಸ್ಟು ಹಿಡಿದರೆ ಪುರಾವೆ ಹೋಯ್ತು. ಸ್ನಾನ ಆಗಿಹೋಗಿದೆಯಾ? ಆದರೂ ಹೋಗಿ.

ಪುಣೆಯ ಸರ್ಕಾರಿ ಆಸ್ಪತ್ರೆ ಸಸೂನ್‌ಗೆ ಹೋಗಬಹುದು, ಖಾಸಗಿ ಆಸ್ಪತ್ರೆಯೂ ಉಚಿತ ಚಿಕಿತ್ಸೆ ಕೊಡಲೇಬೇಕು, ಎಫ್‌ಐಆರ್ ತನ್ನಿ ಅನ್ನುವಂತಿಲ್ಲ. ಎಚ್‌ಐವಿ ತಡೆ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಗರ್ಭತಡೆ ಮಾತ್ರೆಯೂ ಬೇಗ ತಗೊಂಡಷ್ಟು ಒಳ್ಳೆಯದು. ಘಟನೆ ಗೋವಾದ್ದು ಅಂತ ಠಾಣೆಯವರು ವಾಪಸ್ ಕಳಿಸಿದರೆ 'ಝೀರೋ ಎಫ್‌ಐಆರ್' (ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ದೂರು) ಅಂತ ಹೆಸರು ಹಿಡಿದೇ ಕೇಳಿ.

ಮುಂದಕ್ಕೆ ಹೇಳುವುದಾದರೆ, ಮೈಮರೆಸಲು ಬಹಳ ಸಲ ಮದ್ದೇ ಬೇಕಾಗುವುದಿಲ್ಲ, ಗುಟ್ಟಾಗಿ ಸುರಿದ ಇನ್ನೆರಡು ಪೆಗ್ ಸಾಕು. ಕುಡಿದದ್ದಕ್ಕೆ ಮೀರಿ ತೂರಾಡುವವರನ್ನು ಒಂಟಿಯಾಗಿ ಮಲಗಿಸಬೇಡಿ. ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲೇ ಕೂತು 112ಕ್ಕೆ ಫೋನ್ ಮಾಡಿ.