ಸಭೆಯಲ್ಲಿ ಯಾರೂ ಬಾಯಿ ಬಿಡದ ಕಚೇರಿ

ಕಚೇರಿಯ ವಾತಾವರಣ ಕೆಟ್ಟಿದೆ ಎಂದು ಬರೆಯುವವರಲ್ಲಿ ಹೆಚ್ಚಿನವರು ಕೊನೆಯಲ್ಲಿ ಕೇಳುವುದು ಒಳ್ಳೆಯ ತರಬೇತುದಾರರ ಹೆಸರನ್ನು. ಅದನ್ನು ನಾನು ಏಕೆ ಕೊಡುವುದಿಲ್ಲ ಎಂಬುದನ್ನು ಈ ಬಾರಿ ವಿವರವಾಗಿಯೇ ಹೇಳುತ್ತೇನೆ.

ಪ್ರಶ್ನೆ: ನಾನು ಶಿರಸಿ ಸಮೀಪದ ಸಹಕಾರಿ ಸಂಘವೊಂದರ ನಿರ್ದೇಶಕ. ಸಂಬಳ ಕಡಿಮೆಯಿಲ್ಲದಿದ್ದರೂ ಎರಡು ವರ್ಷಗಳಲ್ಲಿ ಐವರು ಗುಮಾಸ್ತರು ಕೆಲಸ ಬಿಟ್ಟಿದ್ದಾರೆ. ತೊಂದರೆಯೇನೆಂದು ಸಭೆಯಲ್ಲಿ ಕೇಳಿದರೆ ಎಲ್ಲರೂ ಸುಮ್ಮನಿರುತ್ತಾರೆ. ಹುಬ್ಬಳ್ಳಿಯಿಂದ ತರಬೇತುದಾರರನ್ನು ಕರೆಸಿ ಒಂದು ದಿನದ ಶಿಬಿರ ಮಾಡಿಸಿದರೆ ಸರಿಹೋದೀತೇ?

ಉತ್ತರ: ಸರಿಹೋಗುವುದಿಲ್ಲ. ಆ ಮೌನವೇ ನಿಮ್ಮ ಸಂಘದ ರೋಗಲಕ್ಷಣ. ಶಿಬಿರದಲ್ಲಿ ಚಪ್ಪಾಳೆ ತಟ್ಟಿಸಿದರೆ ಆ ಮೌನ ಮರುದಿನ ಇನ್ನಷ್ಟು ಗಟ್ಟಿಯಾಗುತ್ತದೆ. ಅಡಿಕೆಯ ತೂಕದ ಚೀಟಿಯಲ್ಲಿ ಅಡಿಕೆಯ ಬಗೆಯನ್ನು ರಾಶಿ ಎಂದು ಬರೆಯಬೇಕಾದಲ್ಲಿ ಬೆಟ್ಟೆ ಎಂದು ಬರೆದ ಗುಮಾಸ್ತ, ಬೈಗುಳಕ್ಕೆ ಹೆದರಿ ಅದನ್ನು ಮುಚ್ಚಿಟ್ಟರೆ, ಆ ತಪ್ಪು ಬೆಳೆಗಾರನ ಖಾತೆಗೆ ಹೋಗಿ ಕೂರುತ್ತದೆ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು ಆಸ್ಪತ್ರೆಗಳಲ್ಲಿ ಔಷಧ ನೀಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ನಡೆಯುತ್ತಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳವರು ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು ಎಂಬುದೇ ಅದಕ್ಕೆ ಅವರು ಕಂಡುಕೊಂಡ ಕಾರಣ. ಆದ್ದರಿಂದ ತಪ್ಪೇ ವರದಿಯಾಗದ ಸಂಘವನ್ನು ಕಂಡು ಸಮಾಧಾನಪಡಬೇಡಿ.

ಬಿಟ್ಟುಹೋದ ಐವರನ್ನು ಒಬ್ಬೊಬ್ಬರನ್ನಾಗಿ, ಕಚೇರಿಯ ಹೊರಗೆ, ಕಾರ್ಯದರ್ಶಿಯವರ ಆಪ್ತರಲ್ಲದ ನಿರ್ದೇಶಕರೊಬ್ಬರು ಭೇಟಿಯಾಗಲಿ. ಏಕೆ ಬಿಟ್ಟಿರಿ ಎಂದು ಕೇಳಿದರೆ ಮನೆಯ ಕಾರಣ ಎಂಬ ಉತ್ತರವೇ ಬರುತ್ತದೆ, ಏಕೆಂದರೆ ನಮ್ಮ ಕಡೆ ಮೇಲಧಿಕಾರಿಯೆಂದರೆ ದೂರದ ಸಂಬಂಧದಲ್ಲಿ ಭಾವನೋ ಮಾವನೋ ಆಗಿರುತ್ತಾರೆ, ಮುಂದಿನ ಮದುವೆಯ ಊಟದ ಪಂಕ್ತಿಯಲ್ಲಿ ಎದುರಾಗುತ್ತಾರೆ. ಬಿಡಬೇಕೆಂದು ಮೊದಲು ಅನ್ನಿಸಿದ ದಿನ ಏನು ನಡೆದಿತ್ತು ಎಂದು ಕೇಳಿ. ಐವರಲ್ಲಿ ಮೂವರು ಒಬ್ಬನೇ ವ್ಯಕ್ತಿಯತ್ತ ಬೊಟ್ಟು ಮಾಡಿದರೆ, ಅವನ ಬಗ್ಗೆ ಆಡಳಿತ ಮಂಡಳಿಯಲ್ಲಿ "ಕೆಲಸಗಾರ, ಬಾಯಿ ಮಾತ್ರ ಸ್ವಲ್ಪ ಕೆಟ್ಟದ್ದು" ಎಂಬ ಮಾತು ಈಗಾಗಲೇ ಓಡಾಡುತ್ತಿರುತ್ತದೆ. ಈ ಮಾತನ್ನು ನಾನು ಬಹಳ ಕಡೆ ಕೇಳಿದ್ದೇನೆ. ಐವರನ್ನು ಕಳೆದುಕೊಳ್ಳಲು ಕಾರಣನಾದವನನ್ನು ಕೆಲಸಗಾರನೆಂದು ಕರೆಯಲು ನಾನು ಸಿದ್ಧನಿಲ್ಲ. ಯಾವ ನಡವಳಿಕೆ ನಿಲ್ಲಬೇಕು ಎಂಬುದನ್ನು ಅವನಿಗೆ ದಿನಾಂಕ ಸಹಿತ ಲಿಖಿತವಾಗಿ ತಿಳಿಸಿ, ಮೂರು ತಿಂಗಳ ಗಡುವು ಕೊಡಿ, ಅಲ್ಲಿಯವರೆಗೆ ರಜೆ ಮಂಜೂರು ಮಾಡುವ ಅಧಿಕಾರವನ್ನು ಬೇರೆಯವರಿಗೆ ವಹಿಸಿ. ರಜೆಯ ಪುಸ್ತಕವನ್ನೂ ತಿರುವಿ ನೋಡಿ: ಯಾರ ಅರ್ಜಿ ಮತ್ತೆ ಮತ್ತೆ ತಿರಸ್ಕೃತವಾಗಿದೆ ಎಂಬುದು ಸಭೆಯಲ್ಲಿ ಹೊರಬರದ ಸಂಗತಿಯನ್ನು ತಿಳಿಸುತ್ತದೆ.

ಸಲಹಾ ಪೆಟ್ಟಿಗೆ ಇಡಬೇಡಿ. ಹನ್ನೆರಡು ಜನರ ಕಚೇರಿಯಲ್ಲಿ ಎಲ್ಲರ ಅಕ್ಷರವೂ ಎಲ್ಲರಿಗೂ ಗೊತ್ತಿರುತ್ತದೆ. ಹಿಂದೊಮ್ಮೆ ಸಂಸ್ಥೆಯೊಂದರ ವಿಚಾರಣೆಯಲ್ಲಿ ದೂರು ಹೇಳಿದ ಹುಡುಗಿಯ ಹೆಸರು ಸಭೆಯಲ್ಲಿ ನನ್ನ ಬಾಯಿಂದಲೇ ಹೊರಬಿತ್ತು; ಅವಳು ತಿಂಗಳೊಳಗೆ ಕೆಲಸ ಬಿಟ್ಟಳು. ಅಂದಿನಿಂದ ನನ್ನ ಟಿಪ್ಪಣಿಯಲ್ಲಿಯೂ ಹೆಸರು ಬರೆದುಕೊಳ್ಳುವುದಿಲ್ಲ. ನಿಮ್ಮಲ್ಲಿ ಮೊದಲು ಮಾತನಾಡಿದವರನ್ನು ಘಟ್ಟದ ಕೆಳಗಿನ ಶಾಖೆಗೆ ವರ್ಗಾಯಿಸದಂತೆ ಒಂದು ವರ್ಷ ನಿಗಾ ಇಡಿ. ಉಳಿದವರೆಲ್ಲ ನೋಡುತ್ತಿರುವುದು ಅದನ್ನೇ.

ಪ್ರಶ್ನೆ: ಬೆರಳ ಗೆರೆಗಳ ಪರೀಕ್ಷೆಯಿಂದ ಸಿಬ್ಬಂದಿಯ ಸ್ವಭಾವ ತಿಳಿದು ಕೆಲಸ ಹಂಚಬಹುದೇ? (ಕುಮಟಾ)

ಉತ್ತರ: ಬೆರಳ ಗೆರೆಯಿಂದ ಸ್ವಭಾವ ತಿಳಿಯುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ಮಾರುವವರು ನಿಮ್ಮನ್ನು ವಂಚಿಸುತ್ತಿದ್ದಾರೆ.

ಪ್ರಶ್ನೆ: ಹೊಂದಿಕೊಂಡು ಹೋಗು ಎಂದು ಮನೆಯವರು ಹೇಳುತ್ತಾರೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗಲೇ ಎದೆ ಬಡಿದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ. (ಹೊನ್ನಾವರ)

ಉತ್ತರ: ಮೊದಲು ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕೆಲಸ ಬಿಡುವ ತೀರ್ಮಾನವನ್ನು ನಿದ್ದೆ ಮರಳಿದ ಮೇಲೆ ಮಾಡಿ.

ಪ್ರಶ್ನೆ: ಕಾರವಾರದಲ್ಲಿ ಆರು ಜನರು ಕೆಲಸ ಮಾಡುವ ಅಂಗಡಿಯಲ್ಲಿದ್ದೇನೆ. ಎರಡು ತಿಂಗಳ ಹಿಂದೆ ಮಾಲೀಕರು ಅಸಭ್ಯವಾಗಿ ಮುಟ್ಟಿದರು. ಇಂಥ ದೂರು ಕೇಳುವ ಸಮಿತಿ ಇರುವುದು ದೊಡ್ಡ ಕಂಪನಿಗಳಲ್ಲಿ ಮಾತ್ರ ಎಂದು ಜೊತೆಯವರು ಹೇಳುತ್ತಾರೆ.

ಉತ್ತರ: ಜೊತೆಯವರ ಮಾತು ತಪ್ಪು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಿಮ್ಮ ವಿಷಯದಲ್ಲಿ ಎರಡೂ ಅನ್ವಯಿಸುತ್ತವೆ. ಜಿಲ್ಲಾ ಕೇಂದ್ರ ನಿಮ್ಮ ಊರಿನಲ್ಲೇ ಇರುವುದರಿಂದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಮಿತಿಯ ವಿಳಾಸ ವಿಚಾರಿಸಿ. ಬರೆಯಲು ಕಷ್ಟವಾದರೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ. ದೂರಿಗೆ ಮೂರು ತಿಂಗಳ ಅವಧಿಯಿದೆ. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ದಿನ, ಹೊತ್ತು, ಆಗ ಅಲ್ಲಿದ್ದವರು ಯಾರು ಎಂಬುದನ್ನು ಇಂದು ರಾತ್ರಿಯೇ ಬರೆದಿಟ್ಟು, ಈ ವಾರವೇ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ದೂರು ಕೊಡಿ, ಸ್ವೀಕೃತಿ ಪತ್ರ ಪಡೆದೇ ಹೊರಬನ್ನಿ.