ಹೊಸ ಗಿಲಾವಿನ ಹಳೆಯ ಮನೆಗೆ ಎಷ್ಟು ಕೊಡಬೇಕು?

ಪಾಳುಬಿದ್ದ ಹಳೆಯ ಪೇಟೆಗೆ ಮತ್ತೆ ಜೀವ ಬರುತ್ತಿದೆ ಎಂಬ ಸುದ್ದಿ ಹಬ್ಬಿದರೆ ಸಾಕು, ಅಲ್ಲಿ ಹಳೆಯ ಮನೆ ಕೊಳ್ಳಹೊರಟವರಿಂದ ನನಗೆ ಬರುವ ಪತ್ರಗಳೆಲ್ಲ ಒಂದೇ ಅಚ್ಚಿನವು. ಹಕ್ಕುಪತ್ರಗಳನ್ನು ವಕೀಲರಿಗೆ ತೋರಿಸಿದ್ದೀರಿ ಎಂದೇ ಭಾವಿಸಿ ಉತ್ತರಿಸುತ್ತಿದ್ದೇನೆ.

ಪಕ್ಕದಲ್ಲೇ ಎರಡು ಕೆಫೆ ತೆರೆದಿವೆ. ಬೆಲೆ ಏರುವುದು ಖಚಿತವಲ್ಲವೇ?

ಕೆಫೆಯ ಬಾಡಿಗೆ ಕರಾರಿಗಿಂತ ನಿಮ್ಮ ಗೃಹಸಾಲದ ಅವಧಿ ದೊಡ್ಡದು. ಮುಂದಿನ ಪ್ರಶ್ನೆ.

ನೂರು ವರ್ಷ ದಾಟಿದ ಮನೆ. ಗೋಡೆಯಲ್ಲಿ ಥಂಡಿ, ಅಂದರೆ ತೇವ, ಇತ್ತಂತೆ. ಮಾರುವವರು ಸಿಮೆಂಟ್ ಗಿಲಾವು ಮಾಡಿಸಿ, ನೀರು ಹಿಡಿಯದ ಬಣ್ಣ ಬಳಿಸಿದ್ದಾರೆ. ಗ್ಯಾರಂಟಿ ಪತ್ರವೂ ಇದೆ. ಕೊಳ್ಳಬಹುದೇ?

ಕೊಳ್ಳಬಹುದು, ಆ ಗಿಲಾವಿಗೆ ಮಾತ್ರ ಬಿಡಿಗಾಸೂ ಕೊಡಬೇಡಿ. ಅದನ್ನು ಕೀಳಿಸುವ ಖರ್ಚನ್ನೂ ಬೆಲೆಯಲ್ಲಿ ಮುರಿದುಕೊಳ್ಳಿ. ಸಿಮೆಂಟಿನ ಜೊತೆ ಇಟ್ಟಿಗೆಯ ಮೈಯೂ ಕಿತ್ತು ಬರುವುದುಂಟು, ಆ ದುರಸ್ತಿಯನ್ನೂ ಲೆಕ್ಕಕ್ಕೆ ಸೇರಿಸಿ.

ಸುಣ್ಣದ ಗಾರೆಯಲ್ಲೋ ಮಣ್ಣಿನಲ್ಲೋ ಕಟ್ಟಿದ ಗೋಡೆ ತೇವವನ್ನು ಹೀರುತ್ತದೆ, ಒಣಹವೆಯಲ್ಲಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಉಳಿದು ಮೇಲೇರುತ್ತದೆ. ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಗಳು ಕಣ್ಣಿಗೆ ಕಾಣದೆ ಕೊಳೆಯುತ್ತವೆ. ಗ್ಯಾರಂಟಿ ಪತ್ರವನ್ನು ಒಮ್ಮೆ ಪೂರ್ತಿ ಓದಿ. ಅದರಲ್ಲಿ ತೊಲೆಯ ಮಾತು ಇದ್ದರೆ ನನಗೂ ತೋರಿಸಿ.

ಇಷ್ಟರಲ್ಲೇ ಒಬ್ಬ 'ಥಂಡಿ ತಜ್ಞ' ತೇವ ಅಳೆಯುವ ಮೀಟರ್ ಹಿಡಿದು ಬರುತ್ತಾನೆ. ಗೋಡೆಗೆ ಚುಚ್ಚುವ ಎರಡು ಮೊನೆಗಳ ಆ ಮೀಟರಿನ ಅಂಕಗಳು ಮರಕ್ಕೆ ಹೊಂದಿಸಿದವು. ಗೋಡೆಯಲ್ಲಿ ಉಪ್ಪಿನಂಶವಿದ್ದರೆ ಆ ಮೊನೆಗಳ ನಡುವೆ ವಿದ್ಯುತ್ತು ಸಲೀಸಾಗಿ ಹರಿದು, ತೇವ ಕಡಿಮೆಯಿದ್ದರೂ ಮುಳ್ಳು ಕೆಂಪಿಗೆ ಹಾರುತ್ತದೆ. ಅದನ್ನು ತೋರಿಸಿ ಹೆದರಿಸಿ, ನೀರು ಮೇಲೇರದಂತೆ ತಡೆ ಕಟ್ಟುತ್ತೇನೆಂದು ಗೋಡೆಗೆ ಸಾಲಾಗಿ ರಂಧ್ರ ಕೊರೆದು ರಾಸಾಯನಿಕ ತುಂಬಿ ಹೋಗುತ್ತಾನೆ. ಎರಡು ಪದರಗಳ ನಡುವೆ ಕಲ್ಲುಚೂರು ತುಂಬಿದ ದಪ್ಪ ಗೋಡೆಯಲ್ಲಿ ಅದು ಎಲ್ಲೆಲ್ಲೋ ಸೋರಿಹೋಗುತ್ತದೆ, ತಡೆಯಂತೂ ಆಗುವುದಿಲ್ಲ. ಚಿಕಿತ್ಸೆ ಮಾರುವವನಿಂದಲೇ ರೋಗನಿರ್ಣಯ ಮಾಡಿಸಬೇಡಿ ಎಂದು ಇನ್ನೆಷ್ಟು ಸಲ ಬರೆಯಲಿ!

ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ನೋಡಿ. ಬಹಳ ಸಲ ಕಾರಣ ಸಾಮಾನ್ಯವಾದದ್ದೇ: ಮಾಡಿನ ನೀರು ಹರಿಸುವ ಒಡೆದ ದೋಣಿ, ಸೋರುವ ಕೊಳವೆ, ಕಟ್ಟಿಕೊಂಡ ಚರಂಡಿ. ಪೇಟೆಯನ್ನು ಚಂದಗಾಣಿಸುವ ಭರದಲ್ಲಿ ರಸ್ತೆಗೆ ಪದರದ ಮೇಲೆ ಪದರ ಹಾಸುತ್ತಾರೆ. ರಸ್ತೆ ಮನೆಯ ನೆಲಕ್ಕಿಂತ ಎತ್ತರವಾಗುತ್ತದೆ, ಮಣ್ಣಿಗೆ ಇಂಗಬೇಕಾದ ನೀರು ಗೋಡೆಯ ಬುಡಕ್ಕೆ ಬಂದು ನಿಲ್ಲುತ್ತದೆ. ಊರಿಗೆ ಅಂದ ಬಂತು ಎಂದು ನೀವು ಮೆಚ್ಚುವ ಅದೇ ಕಲ್ಲುಹಾಸು ನಿಮ್ಮ ಥಂಡಿಗೆ ಮೂಲವಾಗಿರಬಹುದು.

ಜೋರು ಮಳೆ ಬಂದ ಮರುದಿನ ಮನೆ ನೋಡಿ. ಬಣ್ಣ ಬಳಿಯಲು ಮರೆತ ಜಾಗಗಳಿರುತ್ತವೆ: ಅಟ್ಟ, ಮೆಟ್ಟಿಲಿನ ಅಡಿ, ಉಗ್ರಾಣ. ತೊಲೆಯು ಗೋಡೆ ಸೇರುವಲ್ಲಿ ದಬ್ಬಳದಿಂದ ಚುಚ್ಚಿ. ಸುಲಭವಾಗಿ ಒಳಗಿಳಿದರೆ ಮರ ಹೋಗಿದೆ. ಅಂಗೈಯಗಲದ ಗಿಲಾವು ಕೆತ್ತಿ ನೋಡಲು ಮಾರುವವರು ಒಪ್ಪದಿದ್ದರೆ ನಾನಾದರೆ ಮುಂಗಡ ಕೊಡುವುದಿಲ್ಲ. ಅತಿ ಎಚ್ಚರಿಕೆ ಎನ್ನುತ್ತೀರೇನೋ, ಎನ್ನಿ. ಗೋಡೆಯ ಮೇಲೆ ಬಿಳಿ ಉಪ್ಪು ಎದ್ದು ಕಲೆಗಳಾಗಿ ಕಾಣುವ ಕೊಳಕು ಮನೆಯೇ ನನಗೆ ವಾಸಿ, ಅದರ ರೋಗವಾದರೂ ಕಾಣುತ್ತದೆ.

ಮುಂಭಾಗ ಉಳಿಸಿಕೊಂಡು ಒಳಗೆಲ್ಲ ಕೆಡವಿ ಮಹಡಿ ಏರಿಸಬಹುದೇ?

ಆ ಮುಂಭಾಗವನ್ನು ನಿಲ್ಲಿಸಿರುವುದೇ ನೀವು ಕೆಡವಲು ಹೊರಟಿರುವ ಅಡ್ಡಗೋಡೆಗಳು ಮತ್ತು ತೊಲೆಗಳು. ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡವಾದರೆ ಅನುಮತಿಯನ್ನು ಬರಹದಲ್ಲಿ ಕೇಳಿ, ಅದೂ ಕೊಳ್ಳುವ ಮೊದಲು. ದಲ್ಲಾಳಿಯ 'ಎಲ್ಲಾ ಆಗುತ್ತದೆ' ಅನುಮತಿಯಲ್ಲ.

ಹಳೆಯ ಬಾಡಿಗೆದಾರರನ್ನು ಆಮೇಲೆ ಬಿಡಿಸಿಕೊಳ್ಳಬಹುದಲ್ಲವೇ?

ಖಾಲಿ ಮನೆ ಬೇಕಿದ್ದರೆ ಖಾಲಿ ಮನೆಯನ್ನೇ ಕೊಳ್ಳಿ.

ಗೋಡೆಯಲ್ಲಿ ಬಿರುಕಿದೆ. ಹೆದರಬೇಕೇ?

ಬಿರುಕಿನೊಳಗೆ ಹಳೆಯ ಬಣ್ಣ, ದೂಳು ತುಂಬಿದ್ದರೆ ಅದು ಬಹುಶಃ ಎಂದೋ ನಿಂತುಹೋದದ್ದು. ಹೊಸ ಬಣ್ಣವನ್ನೇ ಸೀಳಿದ್ದರೆ, ಅಥವಾ 5 ಮಿಲಿಮೀಟರಿಗಿಂತ ಅಗಲವಿದ್ದರೆ, ರಚನಾ ಎಂಜಿನಿಯರ್ ನೋಡುವವರೆಗೆ ಸಹಿ ಹಾಕಬೇಡಿ. ಫೋಟೋ ನೋಡಿ ನಾನು ಹೇಳಲಾರೆ, ದಯವಿಟ್ಟು ಕಳುಹಿಸಬೇಡಿ.